ಕಿಂಡಿ ಚೌಕ, ಕಣ್ಣು ದುಂಡು

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯಲ್ಲಿರುವ ನಮ್ಮ ಅಜ್ಜಿಯ ಮನೆ ಮಣ್ಣಿನ ಮಾಳಿಗೆಯದು. ಮಾಳಿಗೆಯ ನಡುವೆ ಒಂದು ಸಣ್ಣ ಚೌಕ ತೂತು ಇದೆ. ಅಜ್ಜಿ ಅದನ್ನು ಬೆಳಕಿಂಡಿ ಎನ್ನುತ್ತಿದ್ದರು, ಅಪ್ಪ ಗವಾಕ್ಷಿ ಎನ್ನುತ್ತಾರೆ. ಉಡುಪಿಯಲ್ಲಿ ಕನಕನ ಕಿಂಡಿ ಇದೆ. ಪತ್ರಿಕೆಗಳಲ್ಲಿ ಏಕಗವಾಕ್ಷಿ ಎಂದು ಓದುತ್ತಿರುತ್ತೇನೆ. ಇವೆಲ್ಲ ಒಂದೇ ವಸ್ತುವಿನ ಹೆಸರುಗಳೇ? ಗವಾಕ್ಷ ಎಂದರೆ ಹಸುವಿನ ಕಣ್ಣು ಎಂದು ನಿಘಂಟು ಹೇಳುತ್ತದೆ. ಹಸುವಿನ ಕಣ್ಣು ದುಂಡಗಿದೆ, ಈ ತೂತು ಚೌಕವಾಗಿರುವುದೇಕೆ? ಬರುವ ಬೇಸಿಗೆಯಲ್ಲಿ ಆ ಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದೇವೆ. ಅದಕ್ಕೂ ಮೊದಲು ಇದನ್ನು ತಿಳಿದುಕೊಳ್ಳುವ ಆಸೆ.

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಒಂದು ಆಕಾರದ್ದು, ಇನ್ನೊಂದು ಹೆಸರಿನದು. ಆಕಾರಕ್ಕೆ ಉತ್ತರ ನಿಮ್ಮ ಅಜ್ಜಿಯ ಮಾಳಿಗೆಯಲ್ಲೇ ಇರುವುದರಿಂದ ಅಲ್ಲಿಂದಲೇ ಹೊರಡುತ್ತೇನೆ.

ನಾನು ಬೆಳೆದದ್ದೂ ಅಂಥದೇ ಮನೆಯಲ್ಲಿ. ಎರಡು ಮೊಳ ದಪ್ಪದ ಮಣ್ಣಿನ ಗೋಡೆಗಳು, ಎಡಕ್ಕೂ ಬಲಕ್ಕೂ ನೆರೆಮನೆ, ಬೀದಿಯ ಕಡೆಗೆ ಒಂದೇ ಬಾಗಿಲು. ಅಂಥ ಮನೆಯ ನಡುಮನೆಗೆ ಬೆಳಕು ಬರಬೇಕಾದರೆ ಮೇಲಿನಿಂದಲೇ ಬರಬೇಕು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳ ಸಾಲು, ಅದರ ಮೇಲೆ ದಂಟು, ಸೊಪ್ಪು, ಕಟ್ಟಕಡೆಗೆ ಹದವಾಗಿ ತುಳಿದ ಮಣ್ಣಿನ ಮೇಲ್ಮುದ್ದೆ. ಇದರಲ್ಲಿ ಬೆಳಕಿಗೆ ದಾರಿ ಬಿಡುವಾಗ ಬಡಗಿ ಜಂತಿಯನ್ನು ಕಡಿಯುವುದಿಲ್ಲ. ಕಡಿದರೆ ಅಷ್ಟು ಮಣ್ಣಿನ ಭಾರ ಹೊರುವವರು ಯಾರು? ಎರಡು ಜಂತಿಗಳ ನಡುವಿನ ಸಂದಿಯನ್ನು ಹಾಗೆಯೇ ಉಳಿಸಿ, ಆಚೆ ಈಚೆ ಎರಡು ಗಿಡ್ಡ ಹಲಗೆಗಳನ್ನು ಅಡ್ಡಲಾಗಿ ಕೂರಿಸುತ್ತಾನೆ. ಎರಡು ಬದಿ ಜಂತಿಗಳವು, ಎರಡು ಬದಿ ಹಲಗೆಗಳವು. ನಾಲ್ಕು ಮೂಲೆ ತಾನಾಗಿ ಬಂತು. ಮಳೆಯ ನೀರು ಒಳಕ್ಕೆ ಹರಿಯದಂತೆ ಮಾಳಿಗೆಯ ಮೇಲೆ ಸುತ್ತ ನಾಲ್ಕು ಕಲ್ಲಿಟ್ಟು ಅಂಚನ್ನು ಎತ್ತರಿಸಿದರೆ ಬೆಳಕಿಂಡಿ ಸಿದ್ಧ. ಮೇಲೆ ಒಣಹಾಕಿದ ಜೋಳವನ್ನು ಅದರಿಂದಲೇ ಕೆಳಗೆ ಸುರಿಯುತ್ತಿದ್ದರು, ಒಲೆಯ ಹೊಗೆಯೂ ಅಲ್ಲಿಂದಲೇ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಆ ಚೌಕದ ಬಿಸಿಲು ನೆಲದ ಮೇಲೆ ಸರಿಯುತ್ತ ಬೀಸುವ ಕಲ್ಲಿನ ಹತ್ತಿರ ಬಂದಾಗ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು. ಗಡಿಯಾರ ಬಂದ ಮೇಲೂ ಅಮ್ಮ ನೋಡುತ್ತಿದ್ದುದು ಬಿಸಿಲನ್ನೇ.

ನನ್ನ ತಿಳಿವಳಿಕೆಯಲ್ಲಿ ಇಡೀ ವಿಷಯದ ಬೀಗದಕೈ ಇಷ್ಟು: ದುಂಡು ತೂತನ್ನು ಕೊರೆಯಬೇಕು, ಚೌಕ ಕಿಂಡಿಯನ್ನು ಬಿಟ್ಟರೆ ಸಾಕು. ಬೈರಿಗೆ ತಿರುಗುವುದರಿಂದ ಅದು ಮಾಡುವ ತೂತು ದುಂಡಾಗುತ್ತದೆ. ಆದರೆ ಕಟ್ಟುವವರು, ಹೆಣೆಯುವವರು, ನೇಯುವವರು ನೇರವಾದ ವಸ್ತುಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಇಡುತ್ತಾರೆ. ಅವರು ಉಳಿಸಿದ ಜಾಗಕ್ಕೆ ನಾಲ್ಕು ಮೂಲೆ ಬಂದೇ ಬರುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ ಕಟ್ಟುವಾಗ ಒಂದು ಕಲ್ಲನ್ನು ಬಿಟ್ಟರೆ ಒಂದು ಕಿಂಡಿ. ಹಾಸು ಹೊಕ್ಕಿನ ನಡುವೆ ಎಳೆಗೊಂದರಂತೆ ಕಿಂಡಿ. ಹಳೆಯ ಕೋಟೆಗಳ ಗೋಡೆಗಳಲ್ಲಿ ಒಂದೇ ಎತ್ತರಕ್ಕೆ ಸಾಲಾಗಿ ಕಾಣುವ ಚೌಕ ತೂತುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಬಹಳಷ್ಟು ಗುಂಡು ಹಾರಿಸಲು ಬಿಟ್ಟವಲ್ಲ, ಸಾರವೆಯ ಅಡ್ಡಮರಗಳು ಕುಳಿತಿದ್ದ ಜಾಗಗಳು. ಕೆಲಸ ಮುಗಿದ ಮೇಲೆ ಮರ ಹೋಯಿತು, ತೂತು ಉಳಿಯಿತು, ಅದರೊಳಗೆ ಗಿಳಿಗಳು ಮರಿಮಾಡಿದವು.

ಬೇಕೆಂದೇ ಚೌಕವಾಗಿ ಕೊರೆಯುವ ತೂತುಗಳೂ ಇವೆ. ಹಂಪಿಯ ಬಂಡೆಗಳ ಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಕಾಣುವ ನಾಲ್ಮೂಲೆ ಕುಳಿಗಳು ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದವು. ಅಗಲ ಬಾಯಿಯ ಉಳಿಯಿಂದ ಕಡೆದದ್ದರಿಂದ ಅವು ದುಂಡಾಗಲಿಲ್ಲ. ಹೊಲ ಹರಗುವ ಕುಂಟೆಯ ಅಡ್ಡಮರದಲ್ಲಿ, ಅಂದರೆ ದಿಂಡಿನಲ್ಲಿ, ಅಲಗು ಹಿಡಿಯುವ ತಾಳು ಕೂರಿಸಲು ಬಡಗಿ ಕೊರೆಯುವ ತೂತಿಗೂ ಮೂಲೆಗಳಿರುತ್ತವೆ, ಏಕೆಂದರೆ ದುಂಡು ತೂತಿನಲ್ಲಿ ತಾಳು ತಿರುಗಿಬಿಡುತ್ತದೆ. ಮೂಲೆ ಹಿಡಿದಿಡುತ್ತದೆ. ಚೀನಾದ ಹಳೆಯ ಕಂಚಿನ ನಾಣ್ಯಗಳ ನಡುವಿನ ಚೌಕ ತೂತಿಗೂ ಇದೇ ಉಪಯೋಗವಿತ್ತು. ಎರಕ ಹೊಯ್ದ ನಾಣ್ಯಗಳನ್ನು ನಾಲ್ಮೂಲೆಯ ಸರಳಿಗೆ ಪೋಣಿಸಿ ಅಂಚುಗಳನ್ನು ಒಟ್ಟಿಗೆ ಉಜ್ಜುವಾಗ ಅವು ಸುತ್ತುತ್ತಿರಲಿಲ್ಲ. ಆ ನಾಡಿನಲ್ಲಿ ಹಣಕ್ಕೆ ‘ಚೌಕ ತೂತಿನ ಅಣ್ಣ’ ಎಂಬ ಅಡ್ಡಹೆಸರೇ ಬಂತು. ಜಿನ್ ವಂಶದ ಕಾಲದಲ್ಲಿ ಹಣದ ಮೋಹವನ್ನು ಹಳಿದು ಬರೆದ ಲು ಬಾವೊ ಎಂಬ ಲೇಖಕ ಬಳಸಿದ ಹೆಸರದು. ‘ಕೊಂಗ್’ ಎಂದರೆ ಚೀನೀ ಭಾಷೆಯಲ್ಲಿ ತೂತು, ಅದೇ ಒಂದು ಮನೆತನದ ಹೆಸರೂ ಹೌದು. ಹಾಗಾಗಿ ಹಣ ಒಬ್ಬ ಮನುಷ್ಯನಂತೆ, ಮನೆಗೆ ಬಂದುಹೋಗುವ ನೆಂಟನಂತೆ ಆಯಿತು.

ಈ ಉದಾಹರಣೆ ತಂದುದಕ್ಕೆ ಕಾರಣವಿದೆ. ಅಲ್ಲಿ ಹೆಸರು ಆಕಾರವನ್ನು ಹಿಡಿದುಕೊಂಡಿದೆ. ಕನ್ನಡ ಹಾಗೆ ಮಾಡಲಿಲ್ಲ. ನಮ್ಮ ಸುತ್ತ ಇಷ್ಟೊಂದು ಚೌಕ ತೂತುಗಳಿದ್ದರೂ ‘ಚೌಕ ತೂತು’ ಎಂಬುದಕ್ಕೆ ನಮ್ಮಲ್ಲಿ ಒಂದೇ ಪದವಿಲ್ಲ. ಚೌಕ ಎಂಬ ಪದವೂ ಸಂಸ್ಕೃತದ ಚತುಷ್ಕದಿಂದ ಪ್ರಾಕೃತದ ದಾರಿಯಲ್ಲಿ ಬಂದದ್ದು. ಕನ್ನಡಿಗರು ತೂತಿಗೆ ಹೆಸರಿಟ್ಟದ್ದು ಅದರ ಮೂಲಕ ಏನು ಹಾಯುತ್ತದೆ ಎಂಬುದನ್ನು ನೋಡಿ. ಬೆಳಕು ಬಂದರೆ ಬೆಳಕಿಂಡಿ, ಹೊಗೆ ಹೋದರೆ ಹೊಗೆಕಿಂಡಿ, ನೀರು ಹೋದರೆ ಬಚ್ಚಲ ಕಂಡಿ. ನಿಮ್ಮ ಅಜ್ಜಿಯ ಮಾತಿನಲ್ಲಿ ‘ಬೆಳಕು’ ಮತ್ತು ‘ಕಿಂಡಿ’ ಸೇರುವಾಗ ಎರಡು ಕಕಾರಗಳಲ್ಲಿ ಒಂದು ಸವೆದುಹೋಗಿದೆ. ದಿನವೂ ಬಳಸುವ ಪದಕ್ಕೆ ಇಂಥ ಸವೆತ ಬರುತ್ತದೆ.

ಕಿಂಡಿ, ಕಂಡಿ, ಗಂಡಿ ಮೂರೂ ಒಂದೇ ಬೇರಿನ ದ್ರಾವಿಡ ಪದಗಳು. ತಮಿಳಿನಲ್ಲಿ ಕಂಡಿ ಎಂದರೆ ಬೇಲಿಯ ಸಂದು, ಗೋಡೆಯ ಒಡಕು, ಬೆಟ್ಟದ ಕಣಿವೆದಾರಿಯೂ ಆಗಬಹುದು. ತೆಲುಗಿನ ಗಂಡಿ ಇನ್ನೂ ದೊಡ್ಡದು. ಕಡಪ ಜಿಲ್ಲೆಯಲ್ಲಿ ಪೆನ್ನಾರ್ ನದಿ ಬೆಟ್ಟವನ್ನು ಸೀಳಿ ಹರಿಯುವ ಕಮರಿಯ ಅಂಚಿನಲ್ಲಿರುವ ಕೋಟೆಗೆ ಗಂಡಿಕೋಟ ಎಂದು ಹೆಸರು. ಬೆರಳು ತೂರುವ ತೂತಿನಿಂದ ನದಿ ತೂರುವ ಕಮರಿಯವರೆಗೆ ಈ ಪದ ಹಿಗ್ಗುತ್ತದೆ. ಎಲ್ಲ ಕಡೆಯೂ ಉಳಿಯುವ ಅರ್ಥ ಒಂದೇ: ಅಡ್ಡಗಟ್ಟಿದ್ದರ ನಡುವೆ ದಾಟಲು ಇರುವ ಎಡೆ.

ಅದಕ್ಕೇ ಕನ್ನಡಿಗರ ನೆನಪಿನಲ್ಲಿ ಎರಡು ಕಿಂಡಿಗಳು ಇಷ್ಟು ಆಳವಾಗಿ ಕುಳಿತಿವೆ ಎಂದು ನಾನು ನಂಬುತ್ತೇನೆ. ಒಂದು ಉಡುಪಿಯದು. ಕುಲದ ಕಾರಣಕ್ಕೆ ಒಳಗೆ ಪ್ರವೇಶ ಸಿಗದೆ ಕನಕದಾಸರು ಗುಡಿಯ ಹಿಂದೆ ನಿಂತು ಹಾಡಿದರು, ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿ ದರ್ಶನ ಕೊಟ್ಟ ಎಂಬುದು ಐತಿಹ್ಯ. ಮೂರ್ತಿ ಇಂದಿಗೂ ಪಶ್ಚಿಮಕ್ಕೇ ಮುಖ ಮಾಡಿದೆ. ಒಳಗೆ ಹೋದ ಭಕ್ತರು ಕೂಡ ಅಲ್ಲಿ ದೇವರನ್ನು ನೋಡುವುದು ಒಂಬತ್ತು ಕಂಡಿಗಳ ನವಗ್ರಹ ಕಿಂಡಿಯ ಮೂಲಕ. ಬಾಗಿಲಿನ ಎದುರು ನಿಂತು ದೇವರನ್ನು ನೋಡುವುದು ಎಲ್ಲ ಊರಿನ ರೂಢಿ. ಕಿಂಡಿಯಿಂದಲೇ ನೋಡಬೇಕಾದ ಈ ದೇವರ ಮುಂದೆ ನಿಂತಾಗಲೆಲ್ಲ, ಹೊರಗೆ ನಿಂತವನ ನೋಟವೇ ಕೊನೆಗೆ ಎಲ್ಲರ ನೋಟವಾಯಿತಲ್ಲ ಎಂದು ನನಗೆ ಮೈ ಜುಮ್ಮೆನ್ನುತ್ತದೆ. ಇನ್ನೊಂದು ಕಿಂಡಿ ಚಿತ್ರದುರ್ಗದ್ದು. ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಸಂದಿಯಿಂದ ಒಬ್ಬೊಬ್ಬರಾಗಿ ನುಸುಳುವಾಗ, ಊಟಕ್ಕೆ ಬಂದಿದ್ದ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತ ಜಾಗ ಅದು. ಆ ಕಿಂಡಿ ಚೌಕವಲ್ಲ, ಯಾರೂ ಕಟ್ಟಿದ್ದೂ ಅಲ್ಲ. ಆದರೂ ಅದು ಕಿಂಡಿಯೇ, ಏಕೆಂದರೆ ಹೆಸರು ಬಂದದ್ದು ದಾಟುವಿಕೆಯಿಂದ. ಒಂದರಲ್ಲಿ ನೋಟ ಹಾಯ್ದಿತು, ಇನ್ನೊಂದರಲ್ಲಿ ಹಗೆ ಹಾಯಲು ನೋಡಿತು. ಕಾನೂನಿನಲ್ಲಿ ನುಸುಳಲು ಕಂಡಿ ಹುಡುಕುವವರ ಬಗ್ಗೆ ಮಾತನಾಡುವಾಗ ನಮ್ಮ ನಾಲಿಗೆಯ ಮೇಲಿರುವುದು ದುರ್ಗದ ಕಂಡಿ. ಕಷ್ಟದ ನಡುವೆ ಒಂದು ಬೆಳಕಿಂಡಿ ಕಂಡಿತು ಎನ್ನುವಾಗ ನಿಮ್ಮ ಅಜ್ಜಿಯ ಮನೆಯದು.

ನೀರಿಗೂ ಇದೇ ಪದ. ನೇತ್ರಾವತಿಗೆ ಅಡ್ಡಲಾಗಿ ಕಟ್ಟಿ ಮಂಗಳೂರಿಗೆ ಕುಡಿಯುವ ನೀರು ಕೊಡುತ್ತಿರುವ ತುಂಬೆಯ ಕಟ್ಟೆಯನ್ನು ಜನ ಕಿಂಡಿ ಅಣೆಕಟ್ಟು ಎನ್ನುತ್ತಾರೆ. ಕರಾವಳಿಯ ಹಳ್ಳಿಗಳ ಸಣ್ಣ ಕಿಂಡಿ ಅಣೆಕಟ್ಟುಗಳಲ್ಲಿ ಮಳೆಗಾಲ ಮುಗಿಯುತ್ತಲೇ ಕಿಂಡಿಗಳಿಗೆ ಹಲಗೆ ಇಳಿಸಿ, ಮುಂದಿನ ಮಳೆಗೆ ಮೊದಲು ಎತ್ತಿಬಿಡುತ್ತಾರೆ.

ಇನ್ನು ನಿಮ್ಮ ಅಪ್ಪನ ಗವಾಕ್ಷಿ. ಸಂಸ್ಕೃತದಲ್ಲಿ ಕಿಟಕಿಗೆ ಇರುವ ಪದ ಗವಾಕ್ಷ. ಈಕಾರದ ಗವಾಕ್ಷೀ ಎಂಬುದನ್ನು ಅಲ್ಲಿನ ನಿಘಂಟುಗಳು ಕೆಲವು ಸಸ್ಯಗಳ ಹೆಸರೆಂದು ಹೇಳುತ್ತವೆ. ಕನ್ನಡದ ಬಾಯಲ್ಲಿ ಮಾತ್ರ ಗವಾಕ್ಷಿಯೇ ಕಿಟಕಿಯಾಗಿ ನಿಂತಿದೆ, ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಅಮರಕೋಶ ವಾತಾಯನ, ಗವಾಕ್ಷ ಎರಡನ್ನೂ ಒಟ್ಟಿಗೆ ಹೇಳುತ್ತದೆ: ಒಂದು ಗಾಳಿಯ ದಾರಿ, ಇನ್ನೊಂದು ಹಸುವಿನ ಕಣ್ಣು. ‘ಗೋ’ ಎಂಬುದಕ್ಕೆ ಕಿರಣ ಎಂಬ ಅರ್ಥವೂ ಇರುವುದರಿಂದ ಹಳೆಯ ವ್ಯಾಖ್ಯಾನಕಾರರು ಅದನ್ನು ಕಿರಣ ಹಾಯುವ ಎಡೆ ಎಂದು ಬಿಡಿಸಿದ್ದೂ ಉಂಟು. ಶಿಲ್ಪದಲ್ಲಿ ಗವಾಕ್ಷ ಎಂದರೆ ನಿಜವಾಗಿಯೂ ದುಂಡಾದದ್ದೇ. ಬಾಗಿಸಿದ ಬಿದಿರಿನ ಮೇಲೆ ಹುಲ್ಲು ಹೊದಿಸಿದ ಮನೆಗಳ ಮುಂಬದಿ ಕುದುರೆಲಾಳದಂತೆ ಕಾಣುತ್ತಿತ್ತು. ಬಿಹಾರದ ಬರಾಬರ್ ಬೆಟ್ಟದ ಲೋಮಸ ಋಷಿ ಗುಹೆಯಲ್ಲಿ ಆ ಆಕಾರವನ್ನು ಕಲ್ಲಿನಲ್ಲಿ ಕಡೆದರು. ಕಾರ್ಲಾ, ಅಜಂತಾದ ಚೈತ್ಯಗಳಲ್ಲಿ, ಅಂದರೆ ಬೌದ್ಧರ ಪೂಜಾಗುಹೆಗಳಲ್ಲಿ, ಅದು ಒಳಗೆಲ್ಲ ಬೆಳಕು ತುಂಬುವ ದೊಡ್ಡ ಕಿಟಕಿಯಾಯಿತು. ಬಾದಾಮಿ, ಪಟ್ಟದಕಲ್ಲಿಗೆ ಬರುವಷ್ಟರಲ್ಲಿ ಕುಗ್ಗಿ, ಗೋಡೆಯ ಅಂಚಿನ ಮೇಲೆ ಒಂದು ಪುಟ್ಟ ಮುಖ ಇಣುಕುವಷ್ಟು ಸಣ್ಣ ಅಲಂಕಾರವಾಯಿತು. ಅದೇ ಅಲಂಕಾರವನ್ನು ತಮಿಳು ಶಿಲ್ಪಿಗಳು ಕೂಡು ಎನ್ನುತ್ತಾರೆ, ಅಂದರೆ ನಮ್ಮ ಗೂಡು. ಸಂಸ್ಕೃತ ಕಣ್ಣು ಎಂದದ್ದನ್ನು ದ್ರಾವಿಡ ಹಕ್ಕಿಯ ಗೂಡು ಎಂದಿತು.

ಹೀಗೆ ಹೆಸರು ದುಂಡು ಕಿಟಕಿಯಿಂದ ಹೊರಟು ಯಾವ ಕಿಟಕಿಗಾದರೂ ಅಂಟಿಕೊಂಡಿತು. ಇದರಲ್ಲಿ ಅಚ್ಚರಿಯಿಲ್ಲ. ಗೋಡೆಯ ತೂತನ್ನು ಕಣ್ಣೆಂದು ಕಾಣುವುದು ಎಷ್ಟೋ ಭಾಷೆಗಳಲ್ಲಿದೆ. ಇಂಗ್ಲಿಷಿನ ವಿಂಡೋ ಎಂಬ ಪದ ಹಳೆಯ ನಾರ್ಸ್ ಭಾಷೆಯ ‘ಗಾಳಿಗಣ್ಣು’ ಎಂಬ ಅರ್ಥದ ಸಮಾಸದಿಂದ ಬಂದದ್ದು. ಮಲಯಾಳದಲ್ಲಿ ಸಣ್ಣ ಕಿಟಕಿಗೆ ಕಿಳಿವಾತಿಲ್, ಅಂದರೆ ಗಿಳಿಬಾಗಿಲು ಎನ್ನುತ್ತಾರೆ. ಕನ್ನಡವಂತೂ ಸಂಸ್ಕೃತವನ್ನು ಕೇಳದೆಯೇ ತೂತುಗಳನ್ನು ಕಣ್ಣೆಂದಿದೆ: ತೆಂಗಿನಕಾಯಿಗೆ ಕಣ್ಣು, ಜರಡಿಗೆ ಕಣ್ಣು, ಬಲೆಗೆ ಕಣ್ಣು. ಬಲೆಯ ಕಣ್ಣು ದುಂಡಲ್ಲವೆಂದು ಮೀನುಗಾರರು ಯಾರೂ ತಲೆ ಕೆಡಿಸಿಕೊಂಡಿಲ್ಲ. ಆದರೆ ಅದು ಚೌಕವೋ ವಜ್ರಾಕಾರವೋ ಎಂಬುದು ಅವರಿಗೆ ಮುಖ್ಯ. ಸಾಮಾನ್ಯ ಟ್ರಾಲ್ ಬಲೆಯನ್ನು ದೋಣಿ ಎಳೆಯುವಾಗ ವಜ್ರಾಕಾರದ ಕಣ್ಣುಗಳು ಮುಚ್ಚಿಕೊಳ್ಳುತ್ತವೆ, ಮರಿಮೀನುಗಳೂ ಸಿಕ್ಕಿಬೀಳುತ್ತವೆ. ಚೌಕ ಕಣ್ಣು ಎಳೆತಕ್ಕೆ ಮುಚ್ಚುವುದಿಲ್ಲ, ಮರಿಗಳು ತಪ್ಪಿಸಿಕೊಳ್ಳುತ್ತವೆ. ನಮ್ಮ ಕರಾವಳಿಯ ಟ್ರಾಲ್ ದೋಣಿಗಳು ಬಲೆಯ ತುದಿಚೀಲಕ್ಕೆ 35 ಮಿ.ಮೀ. ಚೌಕ ಕಣ್ಣನ್ನೇ ಬಳಸಬೇಕು ಎಂಬ ನಿಯಮದ ಹಿಂದಿರುವುದು ಇದೇ. ಸಣ್ಣ ಚೌಕ ತೂತು ಕಡಲಿನ ನಾಳೆಯ ಮೀನನ್ನು ಉಳಿಸುತ್ತದೆ ಎಂದರೆ ಅದು ಅಲಂಕಾರದ ಮಾತಲ್ಲ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ: ಕಣ್ಣು ದುಂಡು, ತೂತು ಚೌಕ. ಮಳೆಗಾಲದಲ್ಲಿ ನಮ್ಮ ಬೆಳಕಿಂಡಿಯ ಮೇಲೆ ತಗಡು ಮುಚ್ಚುತ್ತಿದ್ದೆವು. ಹಳೆಯ ತಗಡು, ನಡುವೆ ಮೊಳೆ ಹೊಡೆದ ಒಂದು ತೂತು. ಬಿಸಿಲು ಬಂದ ದಿನ ಕತ್ತಲ ನೆಲದ ಮೇಲೆ ನಾಣ್ಯದಂಥ ದುಂಡು ಬೆಳಕು ಬೀಳುತ್ತಿತ್ತು. ಮೇಲೆ ಹತ್ತಿ ನೋಡಿದರೆ ತೂತು ದುಂಡಲ್ಲ, ಹರಕು ಮೂಲೆಗಳದು. ಮಾಸ್ತರರನ್ನು ಕೇಳಿದೆ, ಆಗ ಉತ್ತರ ಸಿಗಲಿಲ್ಲ. ಬಹಳ ವರ್ಷಗಳ ನಂತರ ತಿಳಿಯಿತು: ನೆಲದ ಮೇಲೆ ಬಿದ್ದದ್ದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಸೂರ್ಯ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು ಅಗಲವಾಗಿ. ಅಂದರೆ ತೂತಿನಿಂದ ನೆಲದವರೆಗೆ ಇರುವ ದೂರವನ್ನು ಸುಮಾರು 108ರಿಂದ ಭಾಗಿಸಿದರೆ ಬರುವಷ್ಟು ಅಗಲದ ಬಿಂಬ ನೆಲದ ಮೇಲೆ ಮೂಡುತ್ತದೆ. ಮಾಳಿಗೆ 3 ಮೀಟರ್ ಎತ್ತರದಲ್ಲಿದ್ದರೆ ಬಿಂಬ 3 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ತೂತು ಅದಕ್ಕಿಂತ ಬಹಳ ಸಣ್ಣದಾಗಿದ್ದರೆ ಅದು ಚೌಕವೋ, ಮುಕ್ಕೋಣವೋ, ಹರಕೋ, ಬೆಳಕು ದುಂಡೇ. ನಿಮ್ಮ ಬೆಳಕಿಂಡಿ ಒಂದು ಅಡಿ ಅಗಲವಿದ್ದರೆ ಕಿಂಡಿಯ ಆಕಾರ ಗೆಲ್ಲುತ್ತದೆ, ಬಿಸಿಲು ನಾಲ್ಮೂಲೆಯಾಗಿ ಬೀಳುತ್ತದೆ, ಅಂಚು ಮಾತ್ರ ಸ್ವಲ್ಪ ಮಸುಕಾಗಿರುತ್ತದೆ.

ಇದನ್ನು ಕಣ್ಣಾರೆ ನೋಡಲು ಸೂರ್ಯಗ್ರಹಣದ ದಿನ ಜರಡಿ ಹಿಡಿದು ನಿಂತರೆ ಸಾಕು. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲೂ ಕೊಡಗಿನ ದಕ್ಷಿಣ ಭಾಗದಲ್ಲೂ ಕಂಕಣ ಗ್ರಹಣ ಕಂಡಿತಲ್ಲ, ಅಂಥ ಹೊತ್ತಿನಲ್ಲಿ ಜರಡಿಯ ಪ್ರತಿಯೊಂದು ಚೌಕ ಕಣ್ಣೂ ನೆಲದ ಮೇಲೆ ಒಂದೊಂದು ಬಳೆ ಬರೆಯುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಇದೇ ಕೆಲಸ ದಿನವೂ ನಡೆಯುತ್ತಿದೆ. ಒಂದು ಸಣ್ಣ ಕಿಂಡಿಯಿಂದ ಬರುವ ಬೆಳಕು ರಾಜಗೋಪುರವನ್ನು ಒಳಗಿನ ಕತ್ತಲ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ನಮ್ಮ ಕಣ್ಣು ಮಾಡುವುದೂ ಅದನ್ನೇ. ಕಣ್ಣುಗೊಂಬೆಯ ತೂತಿನಿಂದ ಹೊರಗಿನ ಲೋಕ ಒಳಗಿನ ಪರದೆಯ ಮೇಲೆ ತಲೆಕೆಳಗಾಗಿಯೇ ಬೀಳುತ್ತದೆ. ಹಾಗಾಗಿ ಗೋಡೆಯ ತೂತನ್ನು ಕಣ್ಣೆಂದವರು ಆಕಾರದಲ್ಲಿ ತಪ್ಪಿರಬಹುದು, ಕೆಲಸದಲ್ಲಿ ತಪ್ಪಲಿಲ್ಲ.

ಜಾಲಂಧ್ರ ಎಂಬ ಪದವನ್ನು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಜಾಲ ಎಂದರೆ ಬಲೆ, ರಂಧ್ರ ಎಂದರೆ ತೂತು, ಎರಡೂ ಸೇರಿ ಕಲ್ಲಿನ ಬಲೆಗಿಟಕಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ಗುಡಿಯ ಮಂಟಪ ಮೊದಲು ತೆರೆದಿತ್ತು. ಕಂಬಗಳ ನಡುವೆ ಜಾಲಂಧ್ರಗಳನ್ನು ಕೂರಿಸಿದ್ದು ಆಮೇಲೆ. ಒಳಗೆ ನಿಂತು ನೋಡಿ. ಹೊರಗಿನ ಬಿಸಿಲು ನೂರಾರು ಚೂರುಗಳಾಗಿ ಸೋಸಿ ಬಂದು ಕರಿಕಲ್ಲಿನ ಕಂಬಗಳ ಮೇಲೆ ಕೂರುತ್ತದೆ. ಗೂಡು ಬೇರೆ. ದೀಪವಿಡಲು ಗೋಡೆಯಲ್ಲಿ ಬಿಟ್ಟ ಆ ಚೌಕ ಆಚೆಗೆ ತೆರೆಯುವುದಿಲ್ಲ, ಆದ್ದರಿಂದ ಅದನ್ನು ಯಾರೂ ಕಿಂಡಿ ಎನ್ನುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಮಾಡ ಎಂಬ ಹೆಸರೂ ಉಂಟು.

ಕೊನೆಯದು ಏಕಗವಾಕ್ಷಿ. ಕೈಗಾರಿಕೆ ಹೂಡುವವರು ಹತ್ತು ಇಲಾಖೆಗಳಿಗೆ ಅಲೆಯದೆ ಒಂದೇ ಕಡೆ ಅನುಮತಿ ಪಡೆಯುವ ಏರ್ಪಾಡಿಗೆ ಇಂಗ್ಲಿಷಿನಲ್ಲಿದ್ದ ‘ಸಿಂಗಲ್ ವಿಂಡೋ’ ಎಂಬ ಹೆಸರನ್ನು ಕನ್ನಡಕ್ಕೆ ತಂದಾಗ ಈ ಪದ ಹುಟ್ಟಿತು. ಕರ್ನಾಟಕದಲ್ಲಿ 2002ರ ಕೈಗಾರಿಕಾ ಸೌಲಭ್ಯ ಕಾಯಿದೆ ಅದಕ್ಕೆ ಕಾನೂನಿನ ಬುನಾದಿ ಹಾಕಿತು. ಈಗ ಗಣೇಶನ ಪೆಂಡಾಲಿನ ಅನುಮತಿಗೂ ಏಕಗವಾಕ್ಷಿ ಎನ್ನುತ್ತಾರೆ. ಇಲ್ಲಿ ಕಿಟಕಿ ಎಂದರೆ ಕಚೇರಿಯಲ್ಲಿ ಅರ್ಜಿ ಕೊಟ್ಟು ರಸೀದಿ ಪಡೆಯುವ ಚೌಕ ತೂತು, ಬೇರೇನೂ ಅಲ್ಲ. ಅದಕ್ಕೆ ನಮ್ಮಲ್ಲಿ ಪದವಿರಲಿಲ್ಲವೇ? ‘ಒಂದೇ ಕಿಂಡಿ’ ಎಂದಿದ್ದರೆ ಅರ್ಜಿ ಹಿಡಿದು ನಿಂತ ರೈತನಿಗೂ ತಿಳಿಯುತ್ತಿತ್ತು. ಗವಾಕ್ಷಿ ಚೆಲುವಾದ ಪದ, ಕಾಳಿದಾಸ ಅಜಮಹಾರಾಜನ ಮೆರವಣಿಗೆ ನೋಡಲು ಹೆಂಗಸರು ಮುತ್ತಿದ ಗವಾಕ್ಷಗಳನ್ನು ತಾವರೆಗಳಿಂದ ಸಿಂಗರಿಸಿದಂತಿದ್ದವು ಎಂದು ಬಣ್ಣಿಸಿದ್ದಾನೆ. ಆ ಪದವನ್ನು ಕಡತಕ್ಕೆ ಕಟ್ಟಿಹಾಕಿದ್ದು ನನಗೆ ನೋವಿನ ಸಂಗತಿ. ಒಂದು ಇಡೀ ಪೀಳಿಗೆಗೆ ಗವಾಕ್ಷಿ ಎಂದರೆ ಸಮಿತಿಯ ಸಭೆ ಎಂದಷ್ಟೇ ಗೊತ್ತು.

ಹಾಗಾದರೆ ಅಜ್ಜಿ ಸರಿಯೋ ಅಪ್ಪ ಸರಿಯೋ ಎಂದರೆ, ಇಬ್ಬರೂ ಸರಿ. ಮಾಳಿಗೆಯ ಮೇಲಿನ ತೂತಿಗೆ ಗವಾಕ್ಷಿ ಎನ್ನುವ ರೂಢಿ ನಿಮ್ಮ ಸೀಮೆಯಲ್ಲಿ ಇದೆ. ಬೆಳಕಿಂಡಿ ಮಾತ್ರ ಆ ಮನೆಯಲ್ಲೇ ಹುಟ್ಟಿದ ಪದ.

ಮನೆ ಕೆಡವುವ ಮೊದಲು ಒಂದು ಕೆಲಸ ಮಾಡಿ. ಬೆಳಕಿಂಡಿಯ ಉದ್ದ ಅಗಲ ಅಳೆದುಕೊಳ್ಳಿ, ಅದು ಎಷ್ಟನೆಯ ಜಂತಿಗಳ ನಡುವೆ ಇದೆ, ಒಲೆಯಿಂದ ಎಷ್ಟು ದೂರ, ಮಧ್ಯಾಹ್ನ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅದರ ಮೇಲೆ ಮುಚ್ಚುತ್ತಿದ್ದ ಕಲ್ಲಿಗೋ ತಗಡಿಗೋ ಓಣಿಯ ಹಿರಿಯರು ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ನಮ್ಮ ಮನೆಯಲ್ಲಿ ಅದನ್ನು ಬರೀ ‘ಮುಚ್ಚಳ’ ಎನ್ನುತ್ತಿದ್ದೆವು. ನಿಮ್ಮ ಓಣಿಯಲ್ಲಿ ಅದಕ್ಕೆ ಬೇರೆ ಹೆಸರಿದ್ದರೆ ನನಗೆ ಬರೆದು ತಿಳಿಸಿ.